ಸೇವೆಯೂ ಸೇವಕನ ದೇಹವೂ

ವೈಶಾಖಮಾಸವು ಶ್ರೀಹರಿಗೆ ಪರಮಪ್ರಿಯವಾದುದೆಂಬುದು ಆಸ್ತಿಕರೆಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಮಧುಸೂದನನು ಈ ಮಾಸದ ನಿಯಾಮಕನು. ಅಕ್ಷಯ ತೃತೀಯೆಯಂದು ಮಂತ್ರಾಲಯದಲ್ಲಿ ಶ್ರೀರಾಯರ ಬೃಂದಾವನಕ್ಕೆ ಗಂಧಲೇಪನ, ಊರೂರುಗಳಲ್ಲಿ ವಸಂತೋತ್ಸವ, ಉದಕುಂಭದಾನ, ಪಾನಕ, ಕೋಸಂಬರಿ, ಬೀಸಣಿಗೆಯ ದಾನ, ಛತ್ರದಾನ, ಪಾದರಕ್ಷೆಗಳ ದಾನ, ದಾರಿಯ ಬದಿಗೆ ಅರವಟ್ಟಿಗೆ. ಈ ಮಾಸದ ಆಚರಣೆಗಳೆಲ್ಲವೂ ತಂಪಿನ ಆಚರಣೆಗಳೇ. ಬಿಸಿಲು ಬಲಿತ ಕಾಲದಲ್ಲಿ ದೇವರಿಗೆ ತಂಪನ್ನು ಸಮರ್ಪಿಸಿ, ಅದೇ ತಂಪನ್ನು ದೇವರ ಹೆಸರಿನಲ್ಲಿ ಬಾಯಾರಿದವರಿಗೆ ಹಂಚುವುದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ಇಂತಹ ಮಾಸದಲ್ಲಿ, ಇಂತಹ ಉತ್ಸವದ ನಡುವೆಯೇ, ನಮ್ಮ ಕ್ಷೇತ್ರದ ಅಡುಗೆಯ ಹಿರಿಯರೊಬ್ಬರು ಬಾಯಾರಿ ಬಿದ್ದು ಹರಿಪಾದವನ್ನು ಸೇರಿದರು. ಈ ಪತ್ರಿಕೆಯಲ್ಲಿ ಉತ್ಸವದ ವರದಿಗಳೂ ಪ್ರವಚನಗಳ ಸಾರವೂ ಬರುವುದು ವಾಡಿಕೆ. ಆ ಪ್ರಸಂಗವನ್ನು ಇಲ್ಲಿ ಬರೆಯಬಹುದೋ ಬಾರದೋ ಎಂದು ನಾವು ಒಂದು ವರ್ಷಕ್ಕೂ ಹೆಚ್ಚು ಕಾಲ ಅನುಮಾನಿಸಿದೆವು. ಬರೆಯದೆ ಇರುವುದು ಇನ್ನೂ ದೊಡ್ಡ ತಪ್ಪಾಗುವುದೆಂದು ತೋರಿದುದರಿಂದ ಈಗ ಬರೆಯುತ್ತಿದ್ದೇವೆ.

ಅದು ಕ್ರೋಧಿ ಸಂವತ್ಸರದ, ಎಂದರೆ 2024ರ, ಶ್ರೀನರಸಿಂಹ ಜಯಂತಿಯ ಉತ್ಸವ. ಚತುರ್ದಶಿಯಂದು ಉಪವಾಸ, ಸಾಯಂಕಾಲ ಪ್ರದೋಷದಲ್ಲಿ ಅವತಾರಪೂಜೆ, ಮರುದಿನ ಹುಣ್ಣಿಮೆಗೆ ರಥೋತ್ಸವ ಮತ್ತು ಪಾರಣೆಯ ಸಂತರ್ಪಣೆ. ಪಾರಣೆಯು ಬೆಳಗಿನಲ್ಲಿಯೇ ಆಗತಕ್ಕದ್ದು. ಆದರೆ ರಥವು ನೆಲೆಗೆ ಬರುವ ಮೊದಲು ಎಲೆ ಹಾಕುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇರಲಿಲ್ಲ. ಆದುದರಿಂದ ಪಾರಣೆಯು ಮಧ್ಯಾಹ್ನ ಒಂದು ಗಂಟೆ ಮೀರುತ್ತಿತ್ತು. ನಾವು ಕಾಕಾ ಎಂದು ಕರೆಯುತ್ತಿದ್ದ ಆ ಹಿರಿಯರು ನಮ್ಮ ತೀರ್ಥರೂಪರ ದಾಯಾದಿ ಬಂಧುಗಳು, ಅರವತ್ತೇಳು ವರ್ಷದವರು. ಮೂವತ್ತನಾಲ್ಕು ಉತ್ಸವಗಳಲ್ಲಿ ಮಡಿ ಅಡುಗೆಯ ಯಜಮಾನಿಕೆ ಅವರದೇ. ಚತುರ್ದಶಿಯಂದು ನಿರಾಹಾರಿಗಳಾಗಿದ್ದು, ಆ ರಾತ್ರಿ ಪೂಜೆಯ ನಂತರ ಎರಡು ಗಂಟೆ ಕಣ್ಣು ಮುಚ್ಚಿದಂತೆ ಮಾಡಿ, ಬೆಳಗಿನ ಮೂರಕ್ಕೆ ಸ್ನಾನ ಮಾಡಿ ಒಲೆಯ ಮುಂದೆ ನಿಂತರು. ಸೌದೆಯ ಒಲೆಗಳು ನಾಲ್ಕು. ಹೊಗೆ ಹೋಗಲು ಮಾಡಿನಲ್ಲಿ ಒಂದೇ ಗವಾಕ್ಷಿ. ನಾಲ್ಕು ದಿನ ಮುಂಚೆ ಒಂದು ಮಳೆ ಬಿದ್ದು ಸೆಖೆಯು ಇಮ್ಮಡಿಯಾಗಿತ್ತು. ದೇವರಿಗೆ ನೈವೇದ್ಯವಾಗದ ಹೊರತು ಅವರು ಒಂದು ಗುಟುಕು ನೀರನ್ನೂ ಮುಟ್ಟುವವರಲ್ಲ; ಅದು ಎಲ್ಲರಿಗೂ ಗೊತ್ತಿದ್ದ ಮಾತು, ಎಲ್ಲರೂ ಹೆಮ್ಮೆಯಿಂದ ಹೇಳುತ್ತಿದ್ದ ಮಾತು.

ರಥವು ತಿರುಗಿ ಬರುವ ಹೊತ್ತಿಗೆ ಕಾಕಾ ಏನೇನೋ ಮಾತನಾಡತೊಡಗಿದ್ದರಂತೆ. ಉಪ್ಪು ಹಾಕಿದ ಕೊಪ್ಪರಿಗೆಗೆ ಮತ್ತೆ ಉಪ್ಪು ಹಾಕಲು ಹೋದರಂತೆ. ಜೊತೆಯ ಹುಡುಗರು ಅದನ್ನು ಉಪವಾಸದ ಆಯಾಸವೆಂದು ತಿಳಿದರು. ಸ್ವಲ್ಪ ಹೊತ್ತಿನಲ್ಲಿ ಅವರು ಕುಸಿದು ಬಿದ್ದರು. ಕೂಗು ಕೇಳಿ ಹೊರಗಿನಿಂದ ಓಡಿಬಂದವರು ಏಳೆಂಟು ಮಂದಿ, ಅವರಲ್ಲಿ ನಾವೂ ಒಬ್ಬರು. ನಾವು ಯಾರೂ ಮಡಿಯಲ್ಲಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಮ್ಮ ಕಾಲುಗಳು ತಾವಾಗಿಯೇ ನಿಂತವು. ಒಳಗೆ ನೂರಾರು ಮಂದಿಯ ಅನ್ನ, ಸಾರು, ಹುಗ್ಗಿ ಇನ್ನೂ ನೈವೇದ್ಯವಾಗದೆ ಇತ್ತು. ಮೊದಲು ಕೊಪ್ಪರಿಗೆಗಳನ್ನು ಪಕ್ಕದ ಕೋಣೆಗೆ ಸಾಗಿಸಿ, ಆಮೇಲೆ ನೀವು ಒಳಗೆ ಬನ್ನಿರೆಂದು ಯಾರೋ ಹೇಳಿದರು. ಯಾರೆಂದು ಈಗ ಯಾರಿಗೂ ನೆನಪಿಲ್ಲ. ಮಾತು ಯಾರದ್ದಾದರೇನು, ಅದನ್ನು ಕೇಳಿ ನಿಂತವರು ನಾವೆಲ್ಲರೂ. ಮಡಿಯಲ್ಲಿದ್ದ ನಾಲ್ವರು ಹುಡುಗರು ಕೊಪ್ಪರಿಗೆಗಳನ್ನು ಸಾಗಿಸಿದರು. ಅದಕ್ಕೆ ಸುಮಾರು ಕಾಲು ಗಂಟೆ ಹಿಡಿಯಿತು. ಕಾಕಾ ಅಷ್ಟು ಹೊತ್ತು ಒಲೆಗಳ ಮುಂದೆಯೇ ಬಿದ್ದಿದ್ದರು. ಒಬ್ಬರು ಬಾಯಿಗೆ ತುಳಸೀತೀರ್ಥವನ್ನು ಬಿಟ್ಟರು. ಅದು ಕಟವಾಯಿಯಿಂದ ಹೊರಗೆ ಹರಿಯಿತು. ಆಸ್ಪತ್ರೆ ಮುಟ್ಟುವ ವೇಳೆಗೆ ಮೈ ಕೆಂಡದಂತಿತ್ತು, ಬೆವರೇ ಇರಲಿಲ್ಲ. ಸಂಜೆ ಏಳು ಗಂಟೆಗೆ ಅವರು ತೀರಿಕೊಂಡರು. ಬಿದ್ದ ಕೂಡಲೆ ತಣ್ಣೀರು ಸುರಿದಿದ್ದರೆ ಉಳಿಯುವ ಸಂಭವವಿತ್ತೆಂದು ವೈದ್ಯರು ಸಂಕೋಚದಿಂದಲೇ ತಿಳಿಸಿದರು.

ಮಡಿಯು ಕೆಟ್ಟಿದ್ದರೆ ಏನಾಗುತ್ತಿತ್ತು? ಒಂದು ಸ್ನಾನ. ಅಡುಗೆಯು ಕೆಟ್ಟಿದ್ದರೆ? ಮತ್ತೊಮ್ಮೆ ಒಂದು ಸೇರು ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ನೈವೇದ್ಯ. ಬಂದವರು ಎರಡು ಗಂಟೆ ತಡವಾಗಿ ಉಣ್ಣುತ್ತಿದ್ದರು, ಕೆಲವರು ಗೊಣಗುತ್ತಿದ್ದರು. ಇಷ್ಟೇ ಲೆಕ್ಕ. ಈ ಲೆಕ್ಕವನ್ನು ಮಾಡಲು ಶಾಸ್ತ್ರಪಾಂಡಿತ್ಯ ಬೇಕಾಗಿರಲಿಲ್ಲ. ಆದರೂ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕುಳಿತು ಬಂದ ನಮಗೆ ಆ ಕಾಲು ಗಂಟೆಯಲ್ಲಿ ಅದು ತೋಚಲಿಲ್ಲ. ಮಡಿಯನ್ನು ಹಗುರವಾಗಿ ಕಾಣುವುದು ನಮ್ಮ ಅಭಿಪ್ರಾಯವಲ್ಲವೆಂದು ಓದುಗರು ದಯಮಾಡಿ ತಿಳಿಯಬೇಕು. ಮಡಿಯು ಮನುಷ್ಯನನ್ನು ದೇವರ ಬಳಿಗೆ ಕರೆದೊಯ್ಯಲು ಇರುವ ವ್ಯವಸ್ಥೆ. ಪ್ರಾಣ ಹೋಗುತ್ತಿರುವವನ ಬಳಿಗೆ ಹೋಗದಂತೆ ತಡೆಯಲು ಅದನ್ನು ಯಾವ ಋಷಿಯೂ ವಿಧಿಸಲಿಲ್ಲ. ಆಪತ್ಕಾಲದ ಧರ್ಮವೇ ಬೇರೆಯೆಂಬುದು ಸ್ಮೃತಿಗಳ ಸಾಮಾನ್ಯ ನಿಲುವು. ಆಪತ್ತು ಬಂದಾಗ ಇದು ಆಪತ್ತೆಂದು ಗುರುತಿಸುವ ಕಣ್ಣು ನಮಗಿರಲಿಲ್ಲ, ಅದೇ ನಮ್ಮ ದೋಷ.

ಮುಂದೆ ನಡೆದುದನ್ನೂ ಹೇಳಬೇಕು. ಶವವನ್ನು ರಾತ್ರಿ ಊರಿಗೆ ತಂದರು. ಊರಿನ ಬೀದಿಯಲ್ಲಿ ಶವವಿರುವಾಗ ದೇವಸ್ಥಾನದಲ್ಲಿ ನೈವೇದ್ಯವಿಲ್ಲವೆಂಬ ಪದ್ಧತಿಯಂತೆ ಗರ್ಭಗುಡಿಯ ಬಾಗಿಲು ಮುಚ್ಚಿತು. ಉತ್ಸವವನ್ನು ಅಲ್ಲಿಗೇ ನಿಲ್ಲಿಸಬೇಕೆಂದು ಕೆಲವರು, ಅವಭೃಥವಾಗದೆ ನಿಲ್ಲಿಸಕೂಡದೆಂದು ಕೆಲವರು ವಾದಿಸಿದರು. ಆರಂಭಿಸಿದ ಯಜ್ಞ, ವಿವಾಹ, ವ್ರತ, ಅರ್ಚನೆಗಳಿಗೆ ನಡುವೆ ಬಂದ ಸೂತಕವು ತಟ್ಟದೆಂದು ಧರ್ಮಶಾಸ್ತ್ರವು ಹೇಳುತ್ತದೆ. ಕಂಕಣವನ್ನು ಕಟ್ಟಿಕೊಂಡಿದ್ದ ನಮ್ಮ ತೀರ್ಥರೂಪರು ಆ ನಿಯಮದಂತೆ ದೇವರ ಸನ್ನಿಧಿಯನ್ನು ಬಿಟ್ಟು ಹೊರಡುವಂತಿರಲಿಲ್ಲ. ಕಂಕಣವಿಲ್ಲದ ನಾವು ಹೆಗಲು ಕೊಡಲು ಹೋದೆವು. ಜೊತೆಯಲ್ಲಿ ಆಡಿ ಬೆಳೆದ ಬಂಧುವಿನ ಶವವು ಬೀದಿಯಲ್ಲಿ ಹೋಗುತ್ತಿರುವಾಗ ಅವರು ಪ್ರಾಕಾರದ ಒಳಗಡೆ ಗೋಡೆಗೆ ಕೈಯಿಟ್ಟು ನಿಂತಿದ್ದರೆಂದು ಆಮೇಲೆ ಪರಿಚಾರಕರು ಹೇಳಿದರು. ಸಂಸ್ಕಾರವಾದ ಮೇಲೆ ದೇವಸ್ಥಾನದಲ್ಲಿ ಪುಣ್ಯಾಹ, ಪೂಜೆ. ಮಧ್ಯಾಹ್ನ ವಾದ್ಯವಿಲ್ಲದೆ ಅವಭೃಥ. ಕಂಕಣವನ್ನು ಬಿಚ್ಚಿದ ಕ್ಷಣದಿಂದ ತೀರ್ಥರೂಪರು ಆಶೌಚದಲ್ಲಿ ಕುಳಿತರು.

ವಾದ್ಯವಿಲ್ಲದೆ ಅವಭೃಥ ಮಾಡಿದುದು ತಪ್ಪೆಂದು ಈಗಲೂ ಒಬ್ಬರು ಹಿರಿಯರು ಹೇಳುತ್ತಾರೆ. ದೇವರಿಗೆ ಸೂತಕವಿಲ್ಲದ ಮೇಲೆ ದೇವರ ವಾದ್ಯವನ್ನೇಕೆ ನಿಲ್ಲಿಸಬೇಕೆಂಬುದು ಅವರ ಪ್ರಶ್ನೆ. ಪ್ರಶ್ನೆ ಸಾಧುವಾದುದೇ. ಆದರೆ ಶವವು ಎದ್ದು ಹೋಗುವ ತನಕ ನೈವೇದ್ಯವಿಲ್ಲವೆಂಬ ಪದ್ಧತಿಯನ್ನು ನಾವು ಇದುವರೆಗೆ ಕೇವಲ ಮೈಲಿಗೆಯ ಮಾತೆಂದು ತಿಳಿದಿದ್ದೆವು. ಆ ರಾತ್ರಿ ಮುಚ್ಚಿದ ಬಾಗಿಲನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತಾಗ ಅದಕ್ಕೆ ಇನ್ನೊಂದು ಅರ್ಥವೂ ಇದ್ದೀತೆಂದು ತೋರಿತು. ನಿತ್ಯತೃಪ್ತನಾದ ಶ್ರೀಹರಿಗೆ ಹಸಿವೆಯೆಂಬುದಿಲ್ಲ. ಆದರೂ ಅವನ ಹೆಸರಿನ ಎಡೆಯು ತನ್ನ ಬೀದಿಯ ಒಬ್ಬ ಮನುಷ್ಯನಿಗಾಗಿ ಕಾಯುತ್ತದೆ. ಹಿಂದಿನ ದಿನ ಮಧ್ಯಾಹ್ನ ಅದೇ ಎಡೆಗಾಗಿ ನಾವು ಅದೇ ಮನುಷ್ಯನನ್ನು ಕಾಯಿಸಿದ್ದೆವು.

ಹತ್ತು ದಿನಗಳಲ್ಲಿ ಕೇಳಿಬಂದ ಸಮಾಧಾನದ ಮಾತುಗಳು ಬಹಳ. ಭಾಗ್ಯವಂತರು, ಉತ್ಸವದ ಹುಣ್ಣಿಮೆಯಂದು ನರಸಿಂಹದೇವರ ಸೇವೆಯಲ್ಲಿಯೇ ದೇಹವನ್ನಿಟ್ಟರು, ಇಂತಹ ಸಾವು ಯಾರಿಗುಂಟು ಎಂದು ಬಂದವರೆಲ್ಲರೂ ಹೇಳಿದರು. ಹರಿಯ ಇಚ್ಛೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂದರು. ಆಯುಷ್ಯ ಅಷ್ಟೇ ಇತ್ತೆಂದರು. ಇವು ಯಾವುವೂ ಸುಳ್ಳು ಮಾತುಗಳಲ್ಲ. ಕಾಕೂ, ಎಂದರೆ ಅವರ ಧರ್ಮಪತ್ನಿಯವರು, ಈ ಮಾತುಗಳನ್ನೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದರು. ಎಂಟನೆಯ ದಿನ, ಉತ್ಸವ ಸಮಿತಿಯ ಮುಖ್ಯರು ಬಂದು ಇದೇ ಮಾತುಗಳನ್ನು ಹೇಳಿ ಎದ್ದು ನಿಂತಾಗ, ಅವರು ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದರು. “ಹೊರಗೆ ಐದು ಹಂಡೆ ಪಾನಕ ಇತ್ತಲ್ಲಪ್ಪ, ಅವರೇ ಕಲಸಿದ್ದು. ಅವರಿಗೆ ಒಂದು ಲೋಟ ನೀರು ಕೊಡೋರು ಯಾರೂ ಇರಲಿಲ್ಲೇನು?”

ಉತ್ತರ ಕೊಟ್ಟವರಿಲ್ಲ. ಕೊಟ್ಟಿದ್ದರೂ ಕಾಕಾ ಕುಡಿಯುತ್ತಿರಲಿಲ್ಲವೆಂದು ಹೊರಗೆ ಬಂದ ಮೇಲೆ ಒಬ್ಬರು ಹೇಳಿದರು. ಅದೂ ನಿಜವೇ. ಆದರೆ ಅವರು ಕುಡಿಯಬಹುದಾದಂತೆ ನಾವು ಏನಾದರೂ ಏರ್ಪಾಡು ಮಾಡಿದ್ದೆವೆ ಎಂಬುದು ಕಾಕೂ ಅವರ ಪ್ರಶ್ನೆಯೊಳಗಿನ ಪ್ರಶ್ನೆ.

ಇಲ್ಲಿ ಸಿದ್ಧಾಂತದ ಒಂದು ಅಂಶವನ್ನು ನಿಧಾನವಾಗಿ ವಿಚಾರಿಸಬೇಕಾಗಿದೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅಸ್ವತಂತ್ರವೆಂಬುದು ಶ್ರೀಮದಾಚಾರ್ಯರ ಶಾಸ್ತ್ರದ ತಳಹದಿ. ಹಾಗಾದರೆ ಕಾಕಾ ಅವರ ಮರಣಕ್ಕೆ ನಾವು ಹೊಣೆಯೆಂದು ಹೇಳಿಕೊಳ್ಳುವುದು ಅಹಂಕಾರವಾಗುವುದಿಲ್ಲವೆ? ನಾವು ಮಾಡದಿದ್ದರೆ ಅವರು ಉಳಿಯುತ್ತಿದ್ದರೆಂದು ಹೇಳುವುದು ಹರಿಯ ಕರ್ತೃತ್ವಕ್ಕೆ ಕೈಹಾಕಿದಂತಲ್ಲವೆ? ಹೀಗೆಂದು ನಮ್ಮೊಡನೆ ವಾದಿಸಿದವರು ಸಾಮಾನ್ಯರಲ್ಲ, ಓದಿದವರು. ಆದರೆ ಜೀವನು ಕರ್ತೃವೇ ಅಲ್ಲವೆಂದು ನಮ್ಮ ಸಿದ್ಧಾಂತವು ಎಲ್ಲಿಯೂ ಹೇಳಿಲ್ಲ. ಶಾಸ್ತ್ರದ ವಿಧಿನಿಷೇಧಗಳು ಅರ್ಥವತ್ತಾಗಬೇಕಾದರೆ ಜೀವನಿಗೆ ಕರ್ತೃತ್ವವಿರಲೇಬೇಕೆಂದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ವಿಚಾರವಿದೆ. ಆ ಕರ್ತೃತ್ವವು ಪರಾಧೀನವೆಂದೂ ಅಲ್ಲಿಯೇ ನಿರ್ಣಯವಿದೆ. ಪರಾಧೀನವೆಂದರೆ ಇಲ್ಲದ್ದೆಂದು ಅರ್ಥವಲ್ಲ. ಯಜಮಾನನ ಅಪ್ಪಣೆಯಲ್ಲಿರುವ ಆಳು ಕೆಲಸಗಳ್ಳನಾದರೆ, ಯಜಮಾನನೇ ಸ್ವತಂತ್ರನೆಂದು ಹೇಳಿ ತಪ್ಪಿಸಿಕೊಳ್ಳಲಾರನು. ಅದಕ್ಕೂ ಮಿಗಿಲಾಗಿ, ಅಂದಿನ ಸಂತರ್ಪಣೆಯು ಚೆನ್ನಾಗಿ ನಡೆದಿದ್ದರೆ ಸಮಿತಿಯವರು ಅದು ತಮ್ಮ ಏರ್ಪಾಡೆಂದು ಶಾಲು ಹೊದಿಸಿಕೊಳ್ಳಲು ಹಿಂಜರಿಯುತ್ತಿರಲಿಲ್ಲ. ಒಳ್ಳೆಯದಕ್ಕೆ ಜೀವಕರ್ತೃತ್ವ, ಕೆಟ್ಟದ್ದಕ್ಕೆ ಹರಿಯ ಇಚ್ಛೆ ಎಂಬ ಹಂಚಿಕೆಯು ಯಾವ ಭಾಷ್ಯದಲ್ಲಿಯೂ ಇಲ್ಲ.

ಒಂದೇ ಮಾತು ಯಾರ ಬಾಯಲ್ಲಿ ಬರುತ್ತದೆಂಬುದರ ಮೇಲೆ ಅದು ಜ್ಞಾನವೋ ನೆಪವೋ ಆಗುತ್ತದೆಂದು ನಮಗೆ ತೋರುತ್ತದೆ. ಹರಿಯ ಇಚ್ಛೆಯೆಂದು ಕಾಕೂ ಹೇಳಿಕೊಂಡರೆ ಅದು ಭಕ್ತಿ, ಆ ಭಕ್ತಿಯಿಂದ ಅವರು ಉಳಿದ ಆಯುಷ್ಯವನ್ನು ಸಾಗಿಸಬಲ್ಲರು. ಅದೇ ಮಾತನ್ನು ಹೊಸ್ತಿಲಲ್ಲಿ ನಿಂತಿದ್ದ ನಾವು ಅವರಿಗೆ ಹೇಳಿದರೆ ಅದು ನಮ್ಮ ಕೈ ತೊಳೆದುಕೊಳ್ಳುವ ನೀರು. ಗೀತೆಯಲ್ಲಿ ಶ್ರೀಕೃಷ್ಣನು ಹುಟ್ಟಿದವನಿಗೆ ಮರಣವು ನಿಶ್ಚಿತವೆಂದು ಅರ್ಜುನನಿಗೆ ಬೋಧಿಸಿದುದು ಅವನು ತನ್ನ ಕರ್ತವ್ಯವನ್ನು ಬಿಡದಿರಲೆಂದು. ಆ ಬೋಧನೆಯನ್ನು ನಾವು ಕರ್ತವ್ಯವನ್ನು ಬಿಟ್ಟುದಕ್ಕೆ ಸಮರ್ಥನೆಯಾಗಿ ಬಳಸುತ್ತಿದ್ದೇವೆ. ಕಾಕಾ ಅವರ ಗತಿಯು ಸದ್ಗತಿಯೇ ಎಂದು ನಾವೂ ನಂಬುತ್ತೇವೆ. ಅದು ಅವರ ಸಾಧನೆ ಮತ್ತು ಹರಿಯ ಪ್ರಸಾದಕ್ಕೆ ಸೇರಿದ ವಿಷಯ. ನಮ್ಮ ಲೆಕ್ಕವು ಬೇರೆ ಪುಟದಲ್ಲಿದೆ.

ಇನ್ನು ಉಪವಾಸದ ವಿಷಯ. ವ್ರತದ ಕಠಿಣತೆಯಿಂದಲೇ ಹೀಗಾಯಿತೆಂದು ನಮ್ಮಲ್ಲಿಯೇ ಕೆಲವು ಯುವಕರು ಹೇಳಿದರು. ಈ ಮಾತನ್ನು ನಾವು ಒಪ್ಪಲಾರೆವು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಉಪವಾಸದ ಮಹಿಮೆಯನ್ನು ಎತ್ತಿ ಹಿಡಿದಿದ್ದಾರೆ, ಅದನ್ನು ಸಡಿಲಿಸಲು ನಾವು ಯಾರು? ಆದರೆ ಉಪವಾಸವೆಂದರೆ ಸಮೀಪದಲ್ಲಿ ವಾಸ. ಆ ದಿನ ಮಾಡತಕ್ಕದ್ದು ಜಪ, ಪಾರಾಯಣ, ಶ್ರವಣ. ಅನ್ನವನ್ನು ಬಿಟ್ಟವನು ನಾಲ್ಕು ಒಲೆಗಳ ಮುಂದೆ ಸೌದೆ ಮುರಿಯಬೇಕೆಂದು ಯಾವ ವ್ರತವೂ ವಿಧಿಸಿಲ್ಲ. ಮರುದಿನ ಬೆಳಗಿನಲ್ಲಿ ಪಾರಣೆಯನ್ನು ವಿಧಿಸಿದ್ದೇ ದೇಹದ ಮೇಲಿನ ದಯೆಯಿಂದ. ಅದನ್ನು ಒಂದು ಗಂಟೆಗೆ ಎಳೆದವರು ನಾವು. ಉಪವಾಸವು ಕಾಕಾ ಅವರದಾಗಿತ್ತು, ಅವರು ಅದನ್ನು ಸಂತೋಷದಿಂದ ಹೊತ್ತಿದ್ದರು. ಅದರ ಮೇಲೆ ಹೇರಿದ ಹೊರೆಯು ನಮ್ಮದು. ಎಂಟು ವರ್ಷ ದಾಟದ ಮಕ್ಕಳಿಗೂ ಎಂಬತ್ತು ದಾಟಿದ ವೃದ್ಧರಿಗೂ ಉಪವಾಸದಲ್ಲಿ ವಿನಾಯಿತಿ ಹೇಳಿದ ಸ್ಮೃತಿಕಾರರು, ನೀರು ಮತ್ತು ಔಷಧದಿಂದ ವ್ರತವು ಕೆಡದೆಂದೂ ಹೇಳಿದ ಸ್ಮೃತಿಕಾರರು, ನಮಗಿಂತ ಮೃದುಹೃದಯರಾಗಿದ್ದರು. ಶಾಸ್ತ್ರವಿಲ್ಲದ ಘೋರ ತಪಸ್ಸಿನಿಂದ ದೇಹವನ್ನೂ ದೇಹದೊಳಗಿರುವ ತನ್ನನ್ನೂ ಬಾಧಿಸುವವರನ್ನು ಭಗವಂತನು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಎಷ್ಟು ಕಠಿಣವಾಗಿ ಖಂಡಿಸಿದ್ದಾನೆಂಬುದನ್ನು ಓದುಗರು ತೆರೆದು ನೋಡಬಹುದು. ತಾವಾಗಿ ಬಾಧಿಸಿಕೊಳ್ಳುವವರಿಗೇ ಹಾಗಾದರೆ, ಇನ್ನೊಬ್ಬರ ದೇಹವನ್ನು ಬಾಧಿಸಿ ತಾವು ನೆರಳಿನಲ್ಲಿ ಕುಳಿತವರಿಗೆ ಏನು?

ಪ್ರತಿಯೊಂದು ದೇಹದಲ್ಲಿಯೂ ಮುಖ್ಯಪ್ರಾಣದೇವರು ದಿನಕ್ಕೆ 21,600 ಶ್ವಾಸಜಪಗಳನ್ನು ನಡೆಸುತ್ತಾರೆಂದು ನಾವು ಮಕ್ಕಳಾಗಿದ್ದಾಗಿನಿಂದ ಕೇಳುತ್ತ ಬಂದಿದ್ದೇವೆ. ಅಂತಹ ಜಪವು ನಡೆಯುವ ಸ್ಥಳವನ್ನು ಕಾಯುವುದು ದೇವಸ್ಥಾನದ ಗೋಡೆಗೆ ಸುಣ್ಣ ಬಳಿಯುವುದಕ್ಕಿಂತ ಕಡಿಮೆಯ ಸೇವೆಯಲ್ಲ.

ಮಹಾಭಾರತದ ಅನುಶಾಸನಪರ್ವದಲ್ಲಿ ಜಮದಗ್ನಿ ಮಹರ್ಷಿಗಳ ಕಥೆ ಬರುತ್ತದೆ. ಶ್ರಾದ್ಧಾದಿಗಳಲ್ಲಿ ಛತ್ರಿ ಮತ್ತು ಪಾದರಕ್ಷೆಗಳ ದಾನವು ಏಕೆ ಬಂದಿತೆಂದು ಯುಧಿಷ್ಠಿರನು ಕೇಳಿದಾಗ ಭೀಷ್ಮರು ಹೇಳಿದ ಕಥೆ ಅದು. ಜ್ಯೇಷ್ಠದ ಬಿಸಿಲಿನಲ್ಲಿ ಋಷಿಗಳು ಬಾಣಪ್ರಯೋಗದ ವಿನೋದದಲ್ಲಿದ್ದಾರೆ; ಬಿಟ್ಟ ಬಾಣಗಳನ್ನು ರೇಣುಕಾದೇವಿಯು ಓಡಿ ಓಡಿ ತಂದುಕೊಡುತ್ತಿದ್ದಾಳೆ. ನಡುಹಗಲಿನಲ್ಲಿ ತಲೆಯೂ ಪಾದಗಳೂ ಬೆಂದು ಅವಳು ಮರದ ನೆರಳಿನಲ್ಲಿ ಒಂದು ಕ್ಷಣ ನಿಂತು ತಡವಾಗಿ ಬಂದಳು. ತಡವೇಕೆಂದು ಋಷಿಗಳು ಮೊದಲು ಸಿಡುಕಿದುದುಂಟು. ಕಾರಣ ತಿಳಿದ ಮೇಲೆ ಸಹಿಸಿಕೋ, ಇದು ನಿನ್ನ ಪತಿಸೇವೆ, ಪುಣ್ಯ ಬರುತ್ತದೆ ಎಂದು ಉಪದೇಶ ಮಾಡಲಿಲ್ಲ. ಸೂರ್ಯನ ಮೇಲೆಯೇ ಬಿಲ್ಲೆತ್ತಿದರು. ಸೂರ್ಯನು ಬ್ರಾಹ್ಮಣವೇಷದಿಂದ ಬಂದು ಬೇಡಿಕೊಂಡು, ಬಿಸಿಲಿನಿಂದ ಕಾಯಲೆಂದು ಛತ್ರಿಯನ್ನೂ ಪಾದರಕ್ಷೆಗಳನ್ನೂ ಕೊಟ್ಟುಹೋದನು. ವಿನೋದವು ಋಷಿಯದು, ಓಟವು ರೇಣುಕೆಯದು; ಇದು ಬಹಳ ಹಳೆಯ ಏರ್ಪಾಡೆಂದು ಕಾಣುತ್ತದೆ. ನಮ್ಮ ಉತ್ಸವಗಳಲ್ಲಿ ಓಡುವವರು ಯಾರೆಂಬುದನ್ನು ಎಣಿಸಿ ನೋಡಿರಿ: ಅಡುಗೆಯವರು, ಬಡಿಸುವವರು, ಎಲೆ ತೆಗೆಯುವವರು, ರಥದ ಮಿಣಿ ಹಿಡಿಯುವವರು, ಚಕ್ರಕ್ಕೆ ತಡೆ ಕೊಡುವವರು, ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪಲ್ಲಕ್ಕಿ ಹೊರುವವರು.

ಬಿಸಿಲಿನ ಈ ವಿಪತ್ತು ನಮ್ಮೊಂದು ಕ್ಷೇತ್ರದ್ದಲ್ಲ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರದಲ್ಲಿ ತೆರೆದ ಮೈದಾನದ ಸಮಾರಂಭವೊಂದಕ್ಕೆ ಲಕ್ಷಾಂತರ ಭಕ್ತರು ಬಂದು ಕುಳಿತಿದ್ದರು. ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತದಿಂದ ಪ್ರಾಣ ಬಿಟ್ಟರು. ಕಾಕಾ ತೀರಿಕೊಂಡ ಮರುತಿಂಗಳು, 2024ರ ಜೂನ್‌ನಲ್ಲಿ, ಮಕ್ಕಾದ ಹಜ್ ಯಾತ್ರೆಯಲ್ಲಿ 1,301 ಮಂದಿ ಮೃತರಾದರೆಂದು ಸೌದಿ ಅರೇಬಿಯದ ಸರ್ಕಾರವೇ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿಯಿಲ್ಲದೆ ಬಂದು, ನೆರಳೂ ವಿಶ್ರಾಂತಿಯೂ ಇಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಯಾತ್ರೆ ಬೇರೆ, ಮತ ಬೇರೆ. ಆದರೆ ಸತ್ತವರು ಯಾರೆಂಬುದರಲ್ಲಿ ಭೇದವಿಲ್ಲ, ನೆರಳಿನ ಏರ್ಪಾಡಿಗೆ ಹೊರಗಾಗಿ ಉಳಿದವರೇ ಎಲ್ಲೆಲ್ಲಿಯೂ ಮೊದಲು ಬೀಳುತ್ತಾರೆ. ಇತ್ತ ಅಹಮದಾಬಾದಿನಲ್ಲಿ 2010ರ ಬೇಸಗೆಯ ಭೀಕರ ಸಾವುಗಳ ನಂತರ 2013ರಲ್ಲಿ ನಗರಪಾಲಿಕೆಯವರು ಬಿಸಿಲನ್ನು ಎದುರಿಸುವ ಯೋಜನೆಯೊಂದನ್ನು ಮಾಡಿಕೊಂಡರು. ಮುನ್ಸೂಚನೆ, ನೀರು, ನೆರಳು, ಆಸ್ಪತ್ರೆಗಳ ಸಿದ್ಧತೆ ಇವಿಷ್ಟೇ ಅದರ ತಿರುಳು. ಹವಾಮಾನ ಇಲಾಖೆಯವರು ಬಯಲುಸೀಮೆಯಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿಗಳನ್ನು ಮುಟ್ಟಿದ ಮೇಲೆಯೇ ಬಿಸಿಗಾಳಿಯ ವಿಚಾರ ಮಾಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಒಂದು ಉಷ್ಣಮಾಪಕವೂ ಇರಲಿಲ್ಲ.

ವೈದ್ಯರಿಂದ ಕೇಳಿ ತಿಳಿದುದನ್ನು ಇಲ್ಲಿ ಬರೆದಿಡುತ್ತೇವೆ. ಪ್ರವಚನದ ಪುಟದಲ್ಲಿ ಇದೇಕೆಂದು ಯಾರೂ ಎಣಿಸಬಾರದು. ಮನುಷ್ಯನ ಮೈಯ ಒಳಗಿನ ಶಾಖವು ಸುಮಾರು 37 ಡಿಗ್ರಿ. ಹೊರಗಿನ ಬಿಸಿಯು ಅದನ್ನು ಮೀರಿದಾಗ ಮೈಯನ್ನು ತಣಿಸಲು ಇರುವ ಉಪಾಯ ಬೆವರು ಆರುವುದೊಂದೇ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಆದುದರಿಂದ ಒಣ ಬಿಸಿಲಿಗಿಂತ ಸೆಖೆಯೂ ಉಗಿಯೂ ಕೂಡಿದ ಅಡುಗೆಮನೆಯು ಹೆಚ್ಚು ಅಪಾಯ. ನೀರು ಕುಡಿಯದವನಿಗೆ ಬೆವರಲು ಬಂಡವಾಳವೇ ಇಲ್ಲ. ಒಳಗಿನ ಶಾಖವು 40 ಡಿಗ್ರಿಗಳಿಗೆ ಏರಿದರೆ ಬುದ್ಧಿಯು ಕಲಕುತ್ತದೆ, ಮಾತು ತೊದಲುತ್ತದೆ, ತಪ್ಪುತ್ತದೆ. ಹೀಗೆ ಅಸಂಬದ್ಧವಾಗಿ ಮಾತನಾಡತೊಡಗುವುದೇ ಎಚ್ಚರಿಕೆಯ ಗಂಟೆ, ಉಪ್ಪಿನ ಮೇಲೆ ಉಪ್ಪು ಹಾಕಲು ಹೋದಾಗಲೇ ನಮಗದು ತಿಳಿಯಬೇಕಾಗಿತ್ತು. ಕೂಡಲೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಬೇಕು. ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಬೇಕು, ಅದು ಬರುವ ತನಕ ತಣಿಸುವುದನ್ನು ನಿಲ್ಲಿಸಬಾರದು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ, ತೀರ್ಥವನ್ನೂ, ಬಿಡಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಮಡಿಯಲ್ಲಿರಲಿ ಮೈಲಿಗೆಯಲ್ಲಿರಲಿ, ಹತ್ತಿರವಿದ್ದವನೇ ಮುಟ್ಟಬೇಕು.

2025ರ ವಿಶ್ವಾವಸು ಸಂವತ್ಸರದ ಉತ್ಸವಕ್ಕೆ ಮೊದಲು ಸಮಿತಿಯ ಸಭೆ ಸೇರಿತು. ಬಹಳ ಮಾತುಕತೆಗಳಾದವು, ಒಂದೆರಡು ಕಹಿಯಾದ ಮಾತುಗಳೂ ಬಂದವು. ಕೊನೆಗೆ ನಮ್ಮ ತೀರ್ಥರೂಪರು ಹೇಳಿದ ಉಪಾಯವನ್ನು ಎಲ್ಲರೂ ಒಪ್ಪಿದರು. ದೊಡ್ಡ ಅಡುಗೆಗೆ ಮುಂಚೆ ಸಣ್ಣ ಪಾತ್ರೆಗಳಲ್ಲಿ ದೇವರ ನೈವೇದ್ಯವನ್ನು ಬೇರೆಯಾಗಿ ಸಿದ್ಧಪಡಿಸಿ, ಸೂರ್ಯೋದಯವಾದ ಸ್ವಲ್ಪ ಹೊತ್ತಿಗೆ ನಿವೇದಿಸುವುದು. ಅಡುಗೆಯವರಿಗೂ ರಥದವರಿಗೂ ಆಗಲೇ ತೀರ್ಥಪ್ರಸಾದ ಕೊಟ್ಟು ಪಾರಣೆ ಮಾಡಿಸುವುದು. ನೈವೇದ್ಯದ ಅನ್ನವನ್ನು ಆಮೇಲೆ ದೊಡ್ಡ ಅಡುಗೆಯಲ್ಲಿ ಬೆರೆಸುವುದು. ಇದರಿಂದ ಶಾಸ್ತ್ರಕ್ಕೆ ಲೋಪವಿಲ್ಲದುದು ಮಾತ್ರವಲ್ಲ, ಪಾರಣೆಯು ತನ್ನ ಸರಿಯಾದ ಕಾಲಕ್ಕೆ ಹಿಂದಿರುಗಿತು. ರಥೋತ್ಸವವು ಸಾಯಂಕಾಲಕ್ಕೆ ಹೋಯಿತು. ಅಡುಗೆಯವರು ಎರಡು ತಂಡಗಳಾದರು. ಮಾಡಿನಲ್ಲಿ ಇನ್ನೆರಡು ಗವಾಕ್ಷಿಗಳನ್ನು ತೆಗೆದರು. ರಥಬೀದಿಯ ಕಲ್ಲಿನ ಮೇಲೆ ಗೋಣಿತಾಟು ಹಾಸಿ ನೀರು ಚಿಮುಕಿಸಿದರು. ಇದಕ್ಕೆಲ್ಲ ತಗುಲಿದ ವೆಚ್ಚವು ವಿದ್ಯುದ್ದೀಪಾಲಂಕಾರದ ವೆಚ್ಚಕ್ಕಿಂತ ಕಡಿಮೆಯೆಂಬುದನ್ನು ಲೆಕ್ಕಪತ್ರದಲ್ಲಿ ನೋಡಿ ನಮಗೆ ನಾಚಿಕೆಯಾಯಿತು.

ಕಾಕಾ ಅವರ ವಾರ್ಷಿಕ ಶ್ರಾದ್ಧದ ತಿಥಿಯೂ ವೈಶಾಖದ ಹುಣ್ಣಿಮೆಯೇ. ಪ್ರತಿವರ್ಷವೂ ಊರಿನ ಒಂದು ಮನೆಯಲ್ಲಿ ಪಿಂಡಪ್ರದಾನವೂ ಬೀದಿಯಲ್ಲಿ ರಥವೂ ಒಂದೇ ದಿನ ನಡೆಯತಕ್ಕದ್ದು. ಅವರ ಮಗನು ಬೆಳಗಿನಿಂದ ಆ ಕಾರ್ಯದಲ್ಲಿದ್ದುದರಿಂದ ಉತ್ಸವಕ್ಕೆ ಬರಲಿಲ್ಲ. ಕಾಕೂ ಶ್ರಾದ್ಧದಲ್ಲಿ ಛತ್ರಿಯನ್ನೂ ಪಾದರಕ್ಷೆಗಳನ್ನೂ ನೀರಿನ ತಂಬಿಗೆಯನ್ನೂ ದಾನ ಕೊಡಿಸಿದರೆಂದು ಕೇಳಿದೆವು. ಸಂಜೆಯ ರಥಕ್ಕೆ ಅವರು ಬಂದು ದೂರದಲ್ಲಿ ನಿಂತು ಕೈಮುಗಿದು ಹೋದರು. ನಮ್ಮೊಡನೆ ಮಾತನಾಡಲಿಲ್ಲ. ಮಾತನಾಡಬೇಕೆಂದು ನಾವು ಅಪೇಕ್ಷಿಸುವಂತೆಯೂ ಇಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳುವ ಹಾಗಿಲ್ಲ. ಕಾಕಾ ಅವರ ಸ್ಥಾನಕ್ಕೆ ಬಂದಿರುವ ಅಡುಗೆಯ ಹಿರಿಯರು ಅವರ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ನೈವೇದ್ಯವಾಗಿದೆ, ಪಾರಣೆ ಮಾಡಿರೆಂದು ಬೆಳಗ್ಗೆ ಹೇಳಿದರೆ ಅವರು ತಲೆಯಾಡಿಸಿದರು, ಎದ್ದು ಬರಲಿಲ್ಲ. ಎಲ್ಲರ ಊಟವಾಗದೆ ತಮಗೆ ನೀರು ಇಳಿಯದೆಂದರು. ನಾವು ಶಾಸ್ತ್ರದ ಪ್ರಮಾಣಗಳನ್ನು ಹೇಳಿದೆವು. ಅವರು ಸೌಟನ್ನು ಕೊಪ್ಪರಿಗೆಯಲ್ಲಿ ಆಡಿಸುತ್ತ, “ನಿಮ್ಮ ಕಾಕಾ ಇದ್ದಿದ್ದರ ಕುಡೀತಿದ್ದರೇನು, ಹೇಳ್ರಿ ಆಚಾರ್ರೆ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ನಮ್ಮ ತೀರ್ಥರೂಪರೇ ತೀರ್ಥದ ಪಾತ್ರೆಯನ್ನು ಹಿಡಿದು ಅಡುಗೆಮನೆಗೆ ಬಂದರು. ತೀರ್ಥವನ್ನು ಬೇಡವೆನ್ನಲು ಆ ಹಿರಿಯರಿಗೆ ಬಾಯಿ ಬರಲಿಲ್ಲ. ಸೌಟನ್ನು ಬದಿಗಿಟ್ಟು ಕೈಯೊಡ್ಡಿದರು. ಮೂರು ಉದ್ಧರಣೆಗೆ ಬದಲಾಗಿ ತೀರ್ಥರೂಪರು ಅಂಗೈ ತುಂಬಿ ತುಂಬಿ ಹಾಕಿದರು. ಗಂಟೆಗೊಮ್ಮೆ ಹೀಗೆಯೇ ಬಂದು ಹೋದರು. ಮಧ್ಯಾಹ್ನದ ಹೊತ್ತಿಗೆ ಆ ಹಿರಿಯರು ಎರಡು ಚೊಂಬು ತೀರ್ಥವನ್ನಾದರೂ ಕುಡಿದಿರಬೇಕು.